ಮೂರನೆಯ ಬಟ್ಟಲು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಮುಚ್ಚಳ ಹಾಕಿದ ಮೂರು ಸ್ಟೀಲ್ ಬಟ್ಟಲುಗಳಿವೆ. ಅವುಗಳ ಮುಂದೆ ಐವತ್ತೆಂಟರ ಹೆಂಗಸೊಬ್ಬರು ಕುಳಿತಿದ್ದಾರೆ. ಮುಖ ತೊಳೆದಿದ್ದಾರೆ, ಸೋಪು ಮುಟ್ಟಿಲ್ಲ. ತಲೆ ಬಾಚಿದ್ದಾರೆ, ಎಣ್ಣೆ ಹಚ್ಚಿಲ್ಲ. ಪಕ್ಕದಲ್ಲಿ ಕೈಕಟ್ಟಿ ನಿಂತ ಗಂಡ ಪರೀಕ್ಷೆಯ ಕೋಣೆಯ ಮೇಷ್ಟರ ಗತ್ತಿನಲ್ಲಿದ್ದಾರೆ.

ಮೊದಲ ಮುಚ್ಚಳ ಸರಿಸಿ, ಕಣ್ಣು ಮುಚ್ಚಿ, ಚಿಕ್ಕದಾಗಿ ಎರಡು ಸಲ ಮೂಸುತ್ತಾರೆ. "ಲವಂಗ." ಎರಡನೆಯದು. "ನಿಂಬೆ ಸಿಪ್ಪೆ. ನಿನ್ನೆ ಮಧ್ಯಾಹ್ನ ಹಿಂಡಿದ್ದು." ಮೂರನೆಯದರ ಮುಂದೆ ಹೊತ್ತು ಹಿಡಿಯುತ್ತದೆ. ಮೂಸುತ್ತಾರೆ, ಮುಖ ತಿರುಗಿಸಿ ತಮ್ಮದೇ ತೋಳಿನ ಬಟ್ಟೆಯನ್ನು ಮೂಸುತ್ತಾರೆ, ಮತ್ತೆ ಬಟ್ಟಲಿಗೆ ಬರುತ್ತಾರೆ. ಕೊನೆಗೆ ಹೇಳುತ್ತಾರೆ: "ಇದರಲ್ಲಿ ಏನೂ ಇಲ್ಲ. ಖಾಲಿ."

ಗಂಡ ಬಟ್ಟಲನ್ನು ಬೋರಲು ಹಾಕಿ ತೋರಿಸುತ್ತಾರೆ. ಖಾಲಿಯೇ. "ಮೂರಕ್ಕೆ ಮೂರು," ಎನ್ನುತ್ತಾರೆ ಮೇಷ್ಟರು. ಪರೀಕ್ಷೆ ಮುಗಿದ ಮೇಲೆ ಅವರು ಮತ್ತೆ ದರ್ಜಿಯಾಗಿ ಮುಂಬಾಗಿಲ ಕೋಣೆಯ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ಹೆಂಡತಿ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಡುತ್ತಾರೆ.

ಬಸ್ಸು ಇಳಿದರೆ ಎದುರಿಗೇ ಒಂದು ಚಿಕ್ಕ ಬ್ರೂವರಿ. ಐದು ಟ್ಯಾಂಕು, ಹನ್ನೆರಡು ಜನ. ಇಲ್ಲಿ ತಯಾರಾಗುವುದು ಮುಖ್ಯವಾಗಿ ಒಂದೇ ಒಂದು, ಪೇಲ್ ಏಲ್ ಎಂಬ ಹೊಂಬಣ್ಣದ ಬಿಯರು. ಹಾಪ್ಸ್ ಎಂಬ ಹೂವಿನಿಂದ ಇದಕ್ಕೆ ತುಸು ಕಹಿ ಬರುತ್ತದೆ, ಕಿತ್ತಳೆ ಸಿಪ್ಪೆಯಂಥ ಪರಿಮಳವೂ ಬರುತ್ತದೆ. ಬಾಟಲಿಯ ಮೇಲೆ ಬ್ರೂವರಿಯ ಹೆಸರಿದೆ, ಬಿಯರು ತಯಾರಿಸುವ ಬ್ರೂವರ್‌ನ ಸಹಿಯಿದೆ. ಇದು ಹೊರಗೆ ಹೋಗಬಹುದು ಎಂದು ಕೊನೆಯ ಮಾತು ಹೇಳುವ ಹೆಂಗಸಿನ ಗುರುತು ಎಲ್ಲೂ ಇಲ್ಲ. ಎಲೆಮರೆಯ ಕಾಯಿ ಎಂಬ ಮಾತನ್ನು ಬರೆದು ಬರೆದು ಸವೆಸಿದ್ದೇವೆ, ನಿಜ. ಆದರೆ ಇವರ ವಿಷಯದಲ್ಲಿ ಬೇರೆ ಮಾತು ಸಿಗುವುದಿಲ್ಲ.

ಬ್ರೂವರಿಯಲ್ಲಿ ಎಲ್ಲರಿಗೂ ಇವರು ಚಿಕ್ಕಮ್ಮ. ಯಾರಿಗೆ ಮೊದಲು ಚಿಕ್ಕಮ್ಮನಾದರೋ ಅವರಿಗೇ ನೆನಪಿಲ್ಲ. ಮೂಗು ಮುರಿಯುವವರು ಎಲ್ಲ ಕಡೆಯೂ ಇರುತ್ತಾರೆ. ಆ ಕೆಲಸಕ್ಕೆ ಹತ್ತೊಂಬತ್ತು ವರ್ಷದಿಂದ ಸಂಬಳ ಪಡೆಯುತ್ತಿರುವುದು ತಾನೊಬ್ಬಳೇ ಇರಬೇಕು ಎಂದು ಅವರೇ ನಗುತ್ತಾರೆ.

ಬಂದಿದ್ದು ಬಾಟಲಿ ತೊಳೆಯಲು. ದಿನಕ್ಕೆ ಆರುನೂರು ಬಾಟಲಿ. ವಾಪಸು ಬಂದ ಬಾಟಲಿಗಳಲ್ಲಿ ಯಾರೋ ಸೀಮೆಎಣ್ಣೆ ತುಂಬಿಟ್ಟಿರುತ್ತಿದ್ದರು, ಇನ್ಯಾರೋ ಫಿನಾಯಿಲ್. ಮೂರು ಸಲ ತೊಳೆದ ಮೇಲೂ ಅಂಥ ಬಾಟಲಿಯನ್ನು ಇವರು ಮೂಸಿ ಬದಿಗಿಡುತ್ತಿದ್ದರು. ಒಂದು ದಿನ ಹಳೆಯ ಯಜಮಾನರು ಗ್ಲಾಸು ಹಿಡಿದು ಪಕ್ಕದಲ್ಲಿ ಹಾದುಹೋದಾಗ ಇವರ ಬಾಯಿ ಸುಮ್ಮನಿರಲಿಲ್ಲ. "ಸಾರ್, ಅದು ಒದ್ದೆ ರಟ್ಟಿನ ವಾಸನೆ ಬರ್ತಿದೆ ಅಂದೆ. ಬಾಟಲಿ ತೊಳೆಯೋಳಿಗೆ ಯಾಕೆ ಬೇಕಿತ್ತು ಹೇಳಿ. ಅವರು ನಕ್ಕುಬಿಟ್ಟರು. ಸಂಜೆ ಹೊತ್ತಿಗೆ ನಗು ನಿಂತುಹೋಗಿತ್ತು." ಮುಚ್ಚಳ ಒತ್ತುವ ಯಂತ್ರ ಸಡಿಲವಾಗಿ ಬಾಟಲಿಯೊಳಗೆ ಗಾಳಿ ಸೇರುತ್ತಿತ್ತು. ಗಾಳಿ ಸೇರಿದ ಬಿಯರು ಒದ್ದೆ ರಟ್ಟಾಗುತ್ತದೆ.

ಮರುವಾರ ಯಜಮಾನರು ಇವರ ಮುಂದೆ ಗ್ಲಾಸು ಇಟ್ಟರು. ಚಿಕ್ಕಮ್ಮ ಜೀವಮಾನದಲ್ಲಿ ಅಲ್ಲಿಯವರೆಗೆ ಹನಿ ಮುಟ್ಟಿದವರಲ್ಲ. ಮೊದಲ ಗುಟುಕನ್ನು ಕಷಾಯವೆಂದು ಉಗುಳಿದ್ದರು. ಇಂದು ಕಹಿಯ ಬಗ್ಗೆ ಅವರಷ್ಟು ಚೆನ್ನಾಗಿ ಹೇಳುವವರು ಸಿಗುವುದು ಕಷ್ಟ. "ಒಳ್ಳೆ ಪೇಲ್ ಏಲ್‌ನಲ್ಲಿ ಕಹಿ ನೆಂಟರ ಥರ ಇರ್ಬೇಕು. ಬರ್ಬೇಕು, ನಾಲ್ಕು ಮಾತಾಡ್ಬೇಕು, ಎದ್ದು ಹೋಗ್ಬೇಕು. ನಾಲಿಗೆ ಮೇಲೆ ಕೂತೇಬಿಟ್ಟರೆ ಮನೆಯವರಿಗೆ ಕಷ್ಟ."

ದಿನಕ್ಕೆ ಹದಿನಾಲ್ಕು ಗ್ಲಾಸು. ಒಂದೊಂದರಲ್ಲೂ ಎರಡೇ ಗುಟುಕಿನಷ್ಟು. ಮೊದಲು ಬೆಳಕಿಗೆ ಹಿಡಿದು ಬಣ್ಣ ಮತ್ತು ನೊರೆ ನೋಡುತ್ತಾರೆ. ಆಮೇಲೆ ಮೂಗು. ಆಮೇಲೆ ಒಂದು ಗುಟುಕು ನುಂಗಲೇಬೇಕು, ಏಕೆಂದರೆ ಕಹಿಯ ಕೊನೆ ಸಿಗುವುದು ಗಂಟಲಿನ ಹತ್ತಿರ. ಮಿಕ್ಕಿದ್ದು ಬಕೆಟ್ಟಿಗೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಗ್ಲಾಸನ್ನೂ ಪೂರ್ತಿ ಕುಡಿದಿಲ್ಲ. ಕೆಲಸ ಮುಗಿಯುವವರೆಗೆ ಈರುಳ್ಳಿ ಇಲ್ಲ, ಖಾರ ಇಲ್ಲ, ಕಾಫಿಯಂತೂ ಇಲ್ಲವೇ ಇಲ್ಲ. ಬೆಳಗಿನ ಕಾಫಿ ಹನ್ನೊಂದೂವರೆಗೆ. ಆ ಕಾಫಿಯ ಬಗ್ಗೆ ಮಾತಾಡುವಾಗ ಅವರ ಮುಖ ಅರಳುವುದನ್ನು ನೋಡಬೇಕು.

ಜನರ ಬಾಯಿ ಮುಚ್ಚಿಸುವುದು ಮಾತ್ರ ಆಗಲಿಲ್ಲ. ಸೀರೆಗೆ ಅಂಟಿದ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಬೆಳ್ಳಂಬೆಳಿಗ್ಗೆ ಕುಡಿದು ಬರುತ್ತಾಳೆ ಎಂದು ಬೀದಿಯಲ್ಲಿ ಗುಸುಗುಸು. ಮಗಳು ಚಿಕ್ಕವಳಿದ್ದಾಗ, ಶಾಲೆಯ ಸಭೆಗೆ ಬರುವುದಾದರೆ ಮನೆಗೆ ಹೋಗಿ ಸೀರೆ ಬದಲಿಸಿ ಬಾಮ್ಮ ಅಂದಿದ್ದಳಂತೆ. "ಬದಲಿಸಿಕೊಂಡೇ ಹೋದೆ. ಮಗೂದು ತಪ್ಪಲ್ಲ ಅದು. ಈಗ ಅವಳು ನರ್ಸು. ನನ್ನ ಮೂಗನ್ನ ಆಸ್ಪತ್ರೆಗೆ ಕೊಡು, ಕಾಯಿಲೆ ಕಂಡುಹಿಡೀತೀನಿ ಅಂತಾಳೆ." ಆ ಮಾತಿನಲ್ಲಿ ಹೆಮ್ಮೆ ತುಂಬಿ ತುಳುಕುತ್ತದೆ. ಅದನ್ನು ಅವರು ಬಚ್ಚಿಡುವುದೂ ಇಲ್ಲ.

ಬಚ್ಚಿಟ್ಟಿದ್ದು ಒಂದೇ ಒಂದು ಸಲ. ಏಳು ವರ್ಷದ ಹಿಂದಿನ ಮಾತು. ಜ್ವರ ಬಂದು ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಚಿಕ್ಕಮ್ಮ ಯಾರಿಗೂ ಹೇಳಲಿಲ್ಲ. ಒಂಬತ್ತು ದಿನ ಗ್ಲಾಸು ಎತ್ತಿ, ಬಣ್ಣ ನೋಡಿ, ಬ್ರೂವರ್‌ನ ಮುಖ ಓದಿ, ಹಳೆಯ ನೆನಪಿನಿಂದ ಅಂಕ ಬರೆದರು. "ಕಿತ್ತಳೆ ಚೆನ್ನಾಗಿದೆ ಅಂತ ಬರೆದೆ. ನನಗೆ ನೀರೂ ಒಂದೇ, ಅದೂ ಒಂದೇ. ಮೂಗು ಇಲ್ಲ ಅಂದರೆ ಮತ್ತೆ ಬಾಟಲಿ ತೊಳೆಯೋಕೆ ಹಾಕ್ತಾರೆ ಅಂತ ಭಯ." ಆ ಒಂಬತ್ತು ದಿನದಲ್ಲಿ ಹೊರಗೆ ಹೋದ ಒಂದು ಟ್ಯಾಂಕು ಬೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಸರಿಯಾಗಿ ಹದಗೊಳ್ಳುವ ಮೊದಲೇ ಇಳಿಸಿದ ಬಿಯರಿನ ದೋಷ ಅದು. ಪೀಪಾಯಿಗಳೆಲ್ಲ ವಾಪಸು ಬಂದವು. ಅಷ್ಟನ್ನೂ ಮೋರಿಗೆ ಸುರಿಯುವಾಗ ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಇವರೊಬ್ಬರಿಗೆ ಆ ಮೋರಿಯ ವಾಸನೆಯೂ ಬರುತ್ತಿರಲಿಲ್ಲ. ಅಲ್ಲೇ ಅಳುತ್ತಾ ಒಪ್ಪಿಕೊಂಡರು.

ಹಳೆಯ ಯಜಮಾನರು ಬೈಯಲಿಲ್ಲ. "ಮೂಗು ಹೋಗಿದ್ದು ತಪ್ಪಲ್ಲಮ್ಮ. ಇಲ್ಲದ್ದನ್ನ ಇದೆ ಅಂತ ಬರೆದೆಯಲ್ಲ, ಅದು ತಪ್ಪು," ಎಂದರು. ರಜೆ ಕೊಟ್ಟು ಮನೆಗೆ ಕಳಿಸಿದರು. ವೈದ್ಯರ ಮಾತಿನಂತೆ ಬೆಳಿಗ್ಗೆ ಸಂಜೆ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸುತ್ತಾ ಮೂರು ತಿಂಗಳು ಕಳೆದವು. ಒಂದು ಮುಂಜಾನೆ ಲವಂಗ ಎಲ್ಲಿಂದಲೋ ತೆಳ್ಳಗೆ ಬಂತು. ಗಂಡನನ್ನು ಎಬ್ಬಿಸಿ ಮತ್ತೆ ಅತ್ತರು.

ಮೂರು ಬಟ್ಟಲಿನ ಪದ್ಧತಿ ಶುರುವಾಗಿದ್ದು ಅಲ್ಲಿಂದ. ಹಿಂದಿನ ಸಂಜೆ ಗಂಡ ತನಗೆ ತೋಚಿದ್ದನ್ನು ಹಾಕಿ ಮುಚ್ಚಿಡುತ್ತಾರೆ. ಕೆಲವು ದಿನ ಒಂದು ಬಟ್ಟಲನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಖಾಲಿಯದೇ ಎಲ್ಲಕ್ಕಿಂತ ಕಷ್ಟ. "ಏನೂ ಬರ್ತಿಲ್ಲ ಅಂದಾಗ ಒಂದು ಕ್ಷಣ ಎದೆ ಧಸಕ್ ಅನ್ನುತ್ತೆ. ಬಟ್ಟಲು ಖಾಲೀನಾ, ನಾನೇ ಖಾಲೀನಾ ಅಂತ. ಸುಮ್ಮನೆ ಏನೋ ಒಂದು ಹೇಳಿಬಿಡೋಣ ಅನ್ನಿಸುತ್ತೆ. ಹೇಳಬಾರದು. ಅದನ್ನ ಕಲಿಯೋಕೇ ಈ ಬಟ್ಟಲು." ಒಂದು ತಪ್ಪಿದರೂ ಆ ದಿನ ಅವರ ಮಾತನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬ್ರೂವರಿಯಲ್ಲಿ ಇದು ಈಗ ಕಾನೂನು.

ಇಂದು ಆ ಕಾನೂನಿಗೆ ಬೆಲೆ ಬಂದಿದೆ. ನಾಲ್ಕನೆಯ ಟ್ಯಾಂಕಿನ ಪೇಲ್ ಏಲ್ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸ್ಪರ್ಧೆಗೆ ಹೋಗಬೇಕು. ಹತ್ತು ಗಂಟೆಗೆ ವ್ಯಾನು, ಕಳಿಸಲು ಇಂದೇ ಕೊನೆಯ ದಿನ. ಮೂವತ್ತೈದರ ಬ್ರೂವರ್ ಎರಡು ವರ್ಷದಿಂದ ಇದಕ್ಕಾಗಿ ಊಟ ನಿದ್ದೆ ಬಿಟ್ಟು ದುಡಿದಿದ್ದಾನೆ. ರುಚಿ ನೋಡಿದ ಮೂವರೂ ತಲೆದೂಗಿ ಆಗಿದೆ. ಚಿಕ್ಕಮ್ಮ ಗ್ಲಾಸು ಎತ್ತುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ, ಗುಟುಕು ನುಂಗಿ ಗೋಡೆ ನೋಡುತ್ತಾ ಕೂರುತ್ತಾರೆ. ಮತ್ತೊಮ್ಮೆ ಮೂಸುತ್ತಾರೆ.

"ಕಿತ್ತಳೆ ಚೆನ್ನಾಗಿದೆ ಕಣಪ್ಪಾ. ಕಹಿ ಎದ್ದು ಹೋಗ್ತಿದೆ. ಆದರೆ ನಾಲಿಗೆ ಒಂಚೂರು ಜಾರ್ತಿದೆ."

ಬ್ರೂವರ್‌ನ ಮೂಗು ಆಗಲೇ ಗ್ಲಾಸಿನೊಳಗೆ. "ಬೆಣ್ಣೇನಾ ಚಿಕ್ಕಮ್ಮ? ನಮಗ್ಯಾರಿಗೂ ಬರ್ತಿಲ್ಲ."

"ನಿಮಗೆ ಬರಲ್ಲ. ಅದಿನ್ನೂ ಹುಟ್ಟಿಲ್ಲ, ಹೊಟ್ಟೇಲಿದೆ. ಬಾಟಲಿ ಸೇರಿದ ಮೇಲೆ ಹುಟ್ಟುತ್ತೆ."

ಅವನು ಗಡಿಯಾರ ನೋಡುತ್ತಾನೆ, ವ್ಯಾನು ನೋಡುತ್ತಾನೆ, ಕೊನೆಗೆ ಕೇಳಬೇಕಾದ್ದನ್ನು ಕೇಳುತ್ತಾನೆ: "ಇವತ್ತು ಬಟ್ಟಲು ಎಷ್ಟು?"

"ಮೂರಕ್ಕೆ ಮೂರು."

ಅವನು ನೀರು ಕಾಯಿಸಲು ಇಡುತ್ತಾನೆ. ಒಂದೇ ಟ್ಯಾಂಕಿನ ಬಿಯರನ್ನು ಎರಡು ಗ್ಲಾಸಿಗೆ ಹಾಕಿ ಮುಚ್ಚಿ, ಒಂದನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಮತ್ತೆ ತಣ್ಣಗೆ ಮಾಡಿ, ಎರಡನ್ನೂ ಅಕ್ಕಪಕ್ಕ ಮೂಸುವುದು ಇದಕ್ಕಿರುವ ಪರೀಕ್ಷೆ. ಹೊಟ್ಟೆಯಲ್ಲಿರುವ ಬೆಣ್ಣೆ ಬಿಸಿಗೆ ಹೊರಗೆ ಬರುತ್ತದೆ. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಾರೆ. ತಮ್ಮ ಮಾತು ತಪ್ಪಾದರೆ ಒಬ್ಬನ ಎರಡು ವರ್ಷವನ್ನು ಸುಮ್ಮನೆ ತಡೆದಂತೆ ಎಂದು ಅವರಿಗೂ ಗೊತ್ತು.

ಮೊದಲು ಮುಚ್ಚಳ ತೆಗೆದವನು ಬ್ರೂವರ್. ತಣ್ಣಗಿದ್ದ ಗ್ಲಾಸಿನಲ್ಲಿ ಕಿತ್ತಳೆ. ಕಾಯಿಸಿದ್ದರಲ್ಲಿ ಆಗತಾನೇ ಕಡೆದಿಟ್ಟಂಥ ಬೆಣ್ಣೆ, ಯಾರಿಗೂ ತಪ್ಪುವಂತಿಲ್ಲ. ಅವನು ಗ್ಲಾಸನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಾನೆ. ಟ್ಯಾಂಕು ಇನ್ನೂ ಮೂರು ದಿನ ಹಾಗೇ ಇರಬೇಕು, ಬೆಣ್ಣೆಯನ್ನು ಬಿಯರನ್ನು ಹುದುಗಿಸುವ ಯೀಸ್ಟೇ ತಿಂದು ಮುಗಿಸುತ್ತದೆ. ಬಿಯರು ಉಳಿಯಿತು. ಸ್ಪರ್ಧೆ ಈ ವರ್ಷಕ್ಕೆ ಹೋಯಿತು. ವ್ಯಾನಿನವನಿಗೆ ಅವನೇ ಹೋಗಿ ಹೇಳಿ ಬರುತ್ತಾನೆ.

ವಾಪಸು ಬಂದವನು ಚಿಕ್ಕಮ್ಮನ ಮುಂದೆ ಕಾಫಿ ಇಡುತ್ತಾನೆ. ಇನ್ನೂ ಹತ್ತೂಕಾಲು. "ಇವತ್ತು ಬೇಗ ಕುಡೀರಿ. ಮಿಕ್ಕ ಗ್ಲಾಸು ನಾಳೆ ನೋಡೋಣ," ಎನ್ನುತ್ತಾನೆ. ಆಮೇಲೆ ಪತ್ರಿಕೆಯಿಂದ ಬಂದ ಹೊರಗಿನವರ ಮುಂದೆ ಹೇಳುತ್ತಾನೆ: "ಆ ಬಾಟಲಿಗಳ ಮೇಲೆ ನನ್ನ ಸಹಿ ಇರ್ತಿತ್ತು. ಜಡ್ಜುಗಳು ಬೆಣ್ಣೆ ಅಂತ ಬರೀತಿದ್ದರು. ನನ್ನ ಮರ್ಯಾದೆ ಉಳಿಸಿದ್ದು ಇವರ ಅಡುಗೆಮನೆ."

ಕಾಫಿಯ ಲೋಟ ಬರಿದಾದ ಮೇಲೆ, ಬ್ರೂವರ್ ಟ್ಯಾಂಕಿನ ಕಡೆ ಹೋದ ಮೇಲೆ, ಚಿಕ್ಕಮ್ಮ ದನಿ ತಗ್ಗಿಸುತ್ತಾರೆ. ಹೇಳಿಕೊಳ್ಳಲು ಒಂದಿದೆಯಂತೆ. ಹೋದ ತಿಂಗಳ ಒಂದು ಬೆಳಿಗ್ಗೆ ಮೂರನೆಯ ಬಟ್ಟಲು ಖಾಲಿ ಅಂದಿದ್ದರು. ಗಂಡ ಮುಚ್ಚಳ ತೆಗೆಯಲಿಲ್ಲ. ಹೌದು, ಖಾಲಿ, ಮೂರಕ್ಕೆ ಮೂರು ಅಂದು ಮೂರನ್ನೂ ಎತ್ತಿಕೊಂಡು ಒಳಗೆ ಹೋದರು. ಹೊರಡುವ ಮುಂಚೆ ನೀರು ಕುಡಿಯಲು ಹೋದಾಗ ಚಿಕ್ಕಮ್ಮನಿಗೆ ಕಂಡಿದ್ದು, ಪಾತ್ರೆ ಬುಟ್ಟಿಯಲ್ಲಿ ಒದ್ದೆಯಾಗಿ ಬೋರಲು ಬಿದ್ದಿದ್ದ ಮೂರು ಬಟ್ಟಲುಗಳು. ಕಸದ ಡಬ್ಬದಲ್ಲಿ ಒಣಗಿದ ಕಿತ್ತಳೆ ಸಿಪ್ಪೆ.

"ಕಿತ್ತಳೆ ನೋಡಿ. ನನ್ನ ಅನ್ನವೇ ಅದು. ಅದೇ ತಪ್ಪಿತ್ತು." ಅಂದು ಬ್ರೂವರಿಗೆ ಬಂದು, ಇವತ್ತು ಎರಡೇ, ನನ್ನ ಮಾತು ಹಿಡೀಬೇಡಿ ಎಂದು ಹೇಳಿ ಬಾಟಲಿಗೆ ಚೀಟಿ ಅಂಟಿಸುತ್ತಾ ದಿನ ಕಳೆದರು. ಮಾರನೆಯ ದಿನ ಮೂಗು ಸರಿಯಿತ್ತು. ನೆಗಡಿಯೋ ಏನೋ, ವಯಸ್ಸೋ ಏನೋ. ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿಲ್ಲ. ಅಷ್ಟು ಪ್ರೀತಿಯಿಂದ ಹೇಳಿದ ಸುಳ್ಳನ್ನು ಮುಖದ ಮೇಲೆ ಹೇಗೆ ಎಸೆಯುವುದು ಎಂದು ಕೇಳುತ್ತಾರೆ. ಕಣ್ಣಂಚು ಒದ್ದೆಯಾಗಿದೆ, ತುಟಿಯಲ್ಲಿ ನಗುವಿದೆ.

ಆಸೆ ಏನಾದರೂ ಇದೆಯೇ ಎಂದರೆ ಬಹಳ ಯೋಚಿಸುವುದಿಲ್ಲ. "ಈ ಮೂಗು ಒಂದು ದಿನ ಹೋಗೇ ಹೋಗುತ್ತೆ. ಹೋಗಲಿ. ಹೋದ ದಿನ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗ್ಬೇಕು. ಅವತ್ತು ನಾನೇ ಗ್ಲಾಸು ಕೆಳಗಿಟ್ಟು ಎದ್ದು ಬರ್ಬೇಕು. ಇನ್ನೊಂದು ಟ್ಯಾಂಕು ಮೋರಿಗೆ ಹೋಗಬಾರದು. ಅದಕ್ಕೆ ನಮ್ಮ ಮನೆಯವರು ನನಗೆ ನಿಜ ಹೇಳ್ಬೇಕು ಅಷ್ಟೇ."

ಇದನ್ನೆಲ್ಲ ಬರೆಯಬಹುದೇ ಎಂದಾಗ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಬಾಟಲಿಗೆ ಅಂಟಿಸುವ ಚೀಟಿಗಳು ಕಾಯುತ್ತಿವೆ.

"ಬರೀರಿ. ನಮ್ಮ ಮನೆಯವರು ಭಾನುವಾರದ ಪೇಪರ್ ಒಂದಕ್ಷರ ಬಿಡದೆ ಓದ್ತಾರೆ. ಖಾಲಿ ಬಟ್ಟಲನ್ನ ಯಾರೂ ತೊಳೆಯಲ್ಲ ಅಂತ ಓದಿ ತಿಳ್ಕೊಳ್ಳಲಿ."