ಅವರನ್ನೇ ಕೇಳಿ

ಬೆಳಿಗ್ಗೆ ಸಹಕಾರನಗರದ ಪಾರ್ಕಿನ ಪಕ್ಕ ಎಳನೀರು ಕುಡಿಯಲು ನಿಂತಿದ್ದೆವು, ನಾನೂ ನಮ್ಮ ಯಜಮಾನರೂ. ಗಾಡಿಯವನು ಅವರತ್ತ ಕತ್ತು ಆಡಿಸಿ ನನ್ನನ್ನು ಕೇಳಿದ: "ಅಕ್ಕ, ಅಣ್ಣಂಗೆ ಗಂಜಿ ಇರೋದು ಬೇಕಾ, ಬರೀ ನೀರಾ?" ಅಣ್ಣ ಅಲ್ಲೇ, ಅವನ ಕೈಗೆಟುಕುವಷ್ಟು ಹತ್ತಿರ ನಿಂತಿದ್ದಾರೆ. ಸಿಟ್ಟು ನೆತ್ತಿಗೇರಿತು. ಅವನ ಮೇಲೆ ಅಷ್ಟಲ್ಲ. ಈ ಸಿಟ್ಟು ಹಳೆಯದು.

ಎರಡು ವರ್ಷದ ಕೆಳಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ದೇವರು ದೊಡ್ಡವನು, ಕಾಲು ಉಳಿಸಿದ, ಬುದ್ಧಿ ಉಳಿಸಿದ, ಸಾರಿಗೆ ಉಪ್ಪು ಕಮ್ಮಿಯಾದರೆ ಮುಖ ಸಿಂಡರಿಸುವ ಅಭ್ಯಾಸವನ್ನೂ ಉಳಿಸಿದ. ಮಾತು ಮಾತ್ರ ಒಳಗೆ ಸಿಕ್ಕಿಕೊಂಡಿತು. ನೀರು ಬೇಕಾದರೂ "ಅದು... ಅದು..." ಮೊದಲಿಂದಲೂ ಮನೆಯಲ್ಲಿ ಮುಕ್ಕಾಲು ಪಾಲು ಮಾತು ನನ್ನದೇ, ಆದರೂ ಆ ಕಾಲು ಪಾಲಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ನೋಡಲು ಬಂದವರು ಕಿವುಡರ ಹತ್ತಿರ ಕೂಗಿದಂತೆ ಕೂಗುವರು. ಇಲ್ಲವೇ ಅವರೆದುರೇ ನನ್ನನ್ನು ಕೇಳುವರು, "ಗುರುತು ಹಿಡೀತಾರಾ?" ನೀವೇ ಹೇಳಿ, ಇದು ಕೇಳುವ ಮಾತೇ?

ಮಾತು ಕಲಿಸಲು ಬರುತ್ತಿದ್ದ ಹುಡುಗಿ ಒಳ್ಳೆಯವಳೇ. ಒಂದು ದಿನ ನನ್ನನ್ನು ತೋರಿಸಿ, "ಅಂಕಲ್, ಇವರ ಹೆಸರೇನು?" ಅಂದಳು. ಅವರು ಪಿಳಿಪಿಳಿ ನೋಡಿದರು. ಪಕ್ಕದಲ್ಲಿದ್ದ ಮೈದುನ ತಲೆಯಾಡಿಸಿದ. "ಹೆಂಡ್ತಿ ಹೆಸ್ರೇ ಮರ್ತೋಯ್ತು ಅಂದ್ರೆ ಮುಗೀತು ಅತ್ತಿಗೆ. ಅಣ್ಣಂಗೆ ಸುಮ್ನೆ ಯಾಕೆ ಹಿಂಸೆ? ನಿಲ್ಲಿಸಿಬಿಡಿ ಈ ಪಾಠ."

"ಅಲ್ಲಪ್ಪ, ಮದುವೆಯಾದಾಗಿಂದ ನಿಮ್ಮಣ್ಣ ಯಾವತ್ತು ನನ್ನ ಹೆಸರು ಹಿಡಿದು ಕರೆದಿದ್ದಾರೆ? 'ಇವಳೇ' ಅಂತಾರೆ, ನಾನು ಓಡಿ ಬರ್ತೀನಿ. ಇಲ್ಲದ ಅಭ್ಯಾಸಕ್ಕೆ ಪರೀಕ್ಷೆ ಇಟ್ಟು ಫೇಲ್ ಮಾಡ್ತೀರಲ್ಲ," ಅಂದೆ. ಹುಡುಗಿ ನಕ್ಕಳು. ಅವನು ನಗಲಿಲ್ಲ. ಅವತ್ತಿಂದ ನೆಂಟರೆಲ್ಲ ಫೋನ್ ಮಾಡಿ ನನಗೆ ಅದೇ ಬುದ್ಧಿ ಹೇಳತೊಡಗಿದರು: ಪಾಠ ನಿಲ್ಲಿಸಿ, ಪಾಠ ನಿಲ್ಲಿಸಿ.

ಆ ಶನಿವಾರ ಮೈದುನನ ಕಾರಿನಲ್ಲೇ ಅಟ್ಟೂರಿನ ಆಂಜನೇಯನ ಗುಡಿಗೆ ಹೋದೆವು. ಅರ್ಚಕರು ಹಣ್ಣುಕಾಯಿ ತಟ್ಟೆ ಹಿಡಿದು, "ಗೋತ್ರ, ನಕ್ಷತ್ರ?" ಅಂದರು. ಮೈದುನ ಬಾಯಿ ತೆರೆದ.

"ಸುಮ್ನಿರಪ್ಪ," ಅಂದೆ. "ಸ್ವಾಮಿ, ಅವರನ್ನೇ ಕೇಳಿ."

ಅರ್ಚಕರು ಕಾದರು. ಹಿಂದೆ ನಿಂತವರು ಗೊಣಗಿದರು. ಗೊಣಗಲಿ.

"ಭಾರದ್ವಾಜ ಗೋತ್ರ," ಅಂದರು ಇವರು. ಆಮೇಲೆ ತಮ್ಮ ನಕ್ಷತ್ರ, ರಾಶಿ, ಹೆಸರು. ಅದೇ ಉಸಿರಿನಲ್ಲಿ ನನ್ನ ಹೆಸರು. ಮನೆಯಲ್ಲಿ ಎಂದೂ ಕರೆಯದ ಹೆಸರನ್ನು ವಾರವಾರವೂ ದೇವರ ಮುಂದೆ ಹೇಳುತ್ತಿದ್ದವರು ಅವರೇ. ನನಗೂ ಅದು ಹೊಳೆದಿರಲಿಲ್ಲ. ಮೈದುನ ಚಪ್ಪಲಿ ಬಿಟ್ಟ ಕಡೆ ನೋಡುತ್ತಾ ನಿಂತ.

ಮನೆಗೆ ಬಂದ ಮೇಲೆ ನೀರಿಗೆ ಮತ್ತೆ "ಅದು... ಅದು..." "ಬಾಯಿಪಾಠ ಆಗಿರೋದು ಮೊದ್ಲು ಬರುತ್ತೆ ಆಂಟಿ, ಮಿಕ್ಕಿದ್ದು ನಿಧಾನ," ಅಂದಳು ಹುಡುಗಿ. ಪಾಠ ನಿಲ್ಲಲಿಲ್ಲ. ಆಂಜನೇಯ ಕೊಟ್ಟಷ್ಟಕ್ಕೆ ಕೈಮುಗಿದೆ.

ಇವತ್ತು ಎಳನೀರಿನವನಿಗೂ ಅದನ್ನೇ ಅಂದೆ: "ಅವರನ್ನೇ ಕೇಳಪ್ಪ." ಮಚ್ಚು ಎತ್ತಿದವನು ಹಾಗೇ ನಿಂತ. ಹೇಳಿಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು. ಸೆರಗು ಬಾಯಿಗೊತ್ತಿ ರಸ್ತೆ ನೋಡಿದೆ.

"ನೀರು," ಅಂದರು. ಸ್ವಲ್ಪ ತಡೆದು, ನನ್ನ ಕಡೆ ಕೈ ತೋರಿಸಿ, "ಇವಳಿಗೆ... ಗಂಜಿ."

ನನಗೇನು ಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ ನೋಡಿ. ತೆಪ್ಪಗೆ ಗಂಜಿ ತಿಂದೆ.