ನಾಲ್ಕು ತಿಂಗಳು ಅಲುಗದ ಗೆರೆ

ಮಷಿನ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹೇಳುತ್ತದೆ ಸ್ವಾಮಿ, ಚೆನ್ನಾಗಿಯೇ ಹೇಳುತ್ತದೆ. ಹೇಳುವುದನ್ನು ಅದಕ್ಕೆ ಕಲಿಸಿದವನೇ ನಾನು. ಇಪ್ಪತ್ತೆರಡು ವರ್ಷದಿಂದ ನೀರು ಸರಬರಾಜಿನ ಕೆಲಸದಲ್ಲಿದ್ದೇನೆ. ಮೋಟರಿಗೆ ಕರೆಂಟು ಕೊಡುವುದು, ಸುಟ್ಟ ಪ್ಯಾನೆಲ್ ಸರಿಮಾಡುವುದು, ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಪೈಪಿನಲ್ಲಿ ಎಷ್ಟು ಹರಿಯಿತು ಎಂದು ಅಳೆಯುವ ಮೀಟರುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹೊಳೆದಂಡೆಯ ಹಲವಾಗಲಿನಿಂದ ಹಿಡಿದು ಕೂಡ್ಲಿಗಿಯ ಕಲ್ಲುಗುಡ್ಡಗಳವರೆಗೆ ನನ್ನ ಬೈಕು ಕಾಣದ ಟ್ಯಾಂಕಿಲ್ಲ.

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವಾಗ ಒಳಕ್ಕೆ ಹೊರಳಿದರೆ ಒಂದು ಊರಿದೆ. ಹೆಸರು ಹೇಳುವುದಿಲ್ಲ. ಅಲ್ಲಿ ನೀರು ಬಿಡುವ ಕೆಲಸ ಒಬ್ಬ ಹೆಣ್ಣುಮಗಳದು. ಮೊದಲು ಅವಳ ಗಂಡ ವಾಟರ್‌ಮನ್ ಆಗಿದ್ದ. ಅವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿ ಕೂತ ಮೇಲೆ ಪಂಚಾಯಿತಿಯವರು ಆ ಕೆಲಸವನ್ನು ಅವಳಿಗೇ ಕೊಟ್ಟರು. ನಾನು ಅಕ್ಕ ಅನ್ನುತ್ತೇನೆ, ಅವಳು ತಮ್ಮಾ ಅನ್ನುತ್ತಾಳೆ. ಗಂಡನನ್ನು ಬೀಳಿಸಿದ ಅದೇ ಏಣಿಯನ್ನು ದಿನಾ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿಕೊಂಡು ಹತ್ತುತ್ತಾಳೆ. ಟ್ಯಾಂಕಿನ ಮುಚ್ಚಳ ಸರಿಸಿ, ತುದಿಗೆ ಕಲ್ಲು ಕಟ್ಟಿದ ಹಗ್ಗ ಇಳಿಬಿಡುತ್ತಾಳೆ. ಹಗ್ಗದಲ್ಲಿ ಮೊಳಕ್ಕೊಂದು ಗಂಟು. ಆರು ಗಂಟು ನೆನೆದರೆ ಊರಿಗೆಲ್ಲ ನೀರು. ಮೂರೇ ನೆನೆದರೆ ಎತ್ತರದಲ್ಲಿರುವ ಮೇಲಿನ ನಾಲ್ಕು ಓಣಿಗಳಿಗೆ ನೀರು ಏರುವುದಿಲ್ಲ, ಅವತ್ತು ಬೈಗುಳ ಗ್ಯಾರಂಟಿ. ಕೆಳಗಿಳಿದು ಬಂದು, ನೆನೆದ ಗಂಟು ಎಷ್ಟೋ ಅಷ್ಟು ಗೆರೆಗಳನ್ನು ಟ್ಯಾಂಕಿನ ಬುಡದಲ್ಲಿ ನೀರು ಬಿಡುವ ವಾಲ್ವಿರುವ ಕೋಣೆ, ಆ ವಾಲ್‌ರೂಮಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆಯುತ್ತಾಳೆ.

ಆ ಟ್ಯಾಂಕಿಗೆ ಮೀಟರು ಕೂರಿಸಿದ ದಿನ ನಾನು ಅವಳನ್ನು ಛೇಡಿಸಿದ್ದೆ. ಇನ್ನು ಮೇಲೆ ಟ್ಯಾಂಕಿನ ನೀರಿನ ಮಟ್ಟ, ಊರೂರಿಗೆ ನೀರು ಕಳಿಸುವ ಹೊಳೆದಂಡೆಯ ಆಫೀಸಿನಲ್ಲೇ ಕಾಣುತ್ತದೆ, ಹಗ್ಗ ಬಾವಿಗೆ ಒಗೆ ಅಂದಿದ್ದೆ. ಅವಳು ನಗಲಿಲ್ಲ.

"ನಿನ್ನ ಮೀಟರಿಗೆ ನೀರಡಿಕಿ ಆಗತೈತೇನು?" ಅಂದಳು.

ಒಂದು ವರ್ಷಕ್ಕೆ ಆ ಮೀಟರು ಕೆಟ್ಟಿತು. ಟ್ಯಾಂಕಿನೊಳಗಿನ ಹಬೆಗೆ ಅದರ ತಲೆಯೊಳಗೆ ನೀರು ಹೊಕ್ಕಿತ್ತು. ಹೊಸದು ಬೇಕೆಂದು ಬರೆದುಕೊಟ್ಟೆ. ಬರಲಿಲ್ಲ. ಮತ್ತೆ ಬರೆದೆ. ಆಫೀಸಿನ ಗೋಡೆಯ ದೊಡ್ಡ ಪರದೆಯಲ್ಲಿ ಉಳಿದ ಊರುಗಳೆಲ್ಲ ಹಸಿರು, ಅದೊಂದು ಮಾತ್ರ ಕೆಂಪು. ಹಾಗಿರುವಾಗ ಮೇಲಿನಿಂದ ದೊಡ್ಡ ಅಧಿಕಾರಿಗಳು ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ನಮ್ಮ ಇಂಜಿನಿಯರ್ ಸಾಹೇಬರು ನನಗಿಂತ ಹದಿನೈದು ವರ್ಷ ಚಿಕ್ಕವರು. ನನ್ನನ್ನು ಪಕ್ಕಕ್ಕೆ ಕರೆದು, ಒಂದು ದಿನದ ಮಟ್ಟಿಗೆ ಏನಾದರೂ ಮಾಡಿ ಅದನ್ನೂ ಹಸಿರು ಮಾಡಿ, ನಾಳೆ ತೆಗೆದರಾಯಿತು ಅಂದರು.

ಆಗುವುದಿಲ್ಲ ಅಂದೆನಾ? ಇಲ್ಲ. ನನ್ನ ಕೈಯಲ್ಲಿ ಆಗುತ್ತದೆ ಎಂದು ಒಳಗೊಳಗೇ ಜಂಬ ಬೇರೆ. ಮೀಟರು ನೀರಿನ ಮಟ್ಟವನ್ನು ತಂತಿಯಲ್ಲಿ ಚೂರೇ ಚೂರು ಕರೆಂಟಾಗಿ ಕಳಿಸುತ್ತದೆ. ನಾಲ್ಕು ಮಿಲಿ ಆಂಪಿಯರ್ ಬಂದರೆ ಟ್ಯಾಂಕು ಖಾಲಿ, ಇಪ್ಪತ್ತು ಬಂದರೆ ಭರ್ತಿ. ಪರೀಕ್ಷೆ ಮಾಡಲೆಂದು ಬೇಕಾದಷ್ಟು ಕರೆಂಟು ಕೊಡುವ ಒಂದು ಪುಟ್ಟ ಡಬ್ಬಿ ನಮ್ಮ ಚೀಲದಲ್ಲಿ ಇದ್ದೇ ಇರುತ್ತದೆ. ವಾಲ್‌ರೂಮಿನ ಪ್ಯಾನೆಲ್ ತೆರೆದು ಮೀಟರಿನ ತಂತಿ ಬಿಚ್ಚಿ, ಆ ಜಾಗಕ್ಕೆ ಡಬ್ಬಿ ಜೋಡಿಸಿ, ಹದಿನಾರಕ್ಕೆ ತಿರುಗಿಸಿದೆ. ಅಂದರೆ ಮುಕ್ಕಾಲು ಟ್ಯಾಂಕು. ಪರದೆ ಹಸಿರಾಯಿತು. ಅಧಿಕಾರಿಗಳು ಬಂದರು, ನೋಡಿದರು, ಊಟ ಮಾಡಿ ಹೋದರು.

ಮಾರನೆಯ ದಿನ ಇಟ್ಟಿಗಿ ಹತ್ತಿರದ ಪಂಪ್‌ಹೌಸಿನಲ್ಲಿ ಪ್ಯಾನೆಲ್ ಸುಟ್ಟಿತು ಎಂದು ಅತ್ತ ಓಡಿಸಿದರು. ಅಲ್ಲಿಂದ ಹಡಗಲಿ. ಅಲ್ಲಿಂದ ಹರಪನಹಳ್ಳಿ. ಡಬ್ಬಿ ಅಲ್ಲೇ ಉಳಿಯಿತು. ಮರೆತೆ ಎಂದರೆ ಅರ್ಧ ಸುಳ್ಳಾಗುತ್ತದೆ. ಕೊಟ್ಟೂರು ದಾಟುವಾಗ ಎರಡು ಸಲ ನೆನಪಾಗಿತ್ತು. ಮುಂದಿನ ವಾರ ನೋಡಿದರಾಯಿತು ಅಂದುಕೊಂಡು ಗಾಡಿ ಬಿಟ್ಟಿದ್ದೆ. ಆ ಗಾಡಿ ಬಿಟ್ಟವನ ಕಪಾಳಕ್ಕೆ ಈಗಲೂ ಎರಡು ಬಿಗಿಯಬೇಕು ಅನಿಸುತ್ತದೆ.

ಯಾಕೆಂದರೆ ಆ ಡಬ್ಬಿ ಬರೀ ಸುಳ್ಳು ಹೇಳುತ್ತಾ ಕೂರಲಿಲ್ಲ. ಹೊಳೆದಂಡೆಯಲ್ಲಿ ಯಾವ ಊರಿನ ಲೈನಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ತೀರ್ಮಾನಿಸುವವರು ಪರದೆ ನೋಡಿಯೇ ತೀರ್ಮಾನಿಸುತ್ತಾರೆ. ಈ ಊರಿನದು ಸದಾ ಮುಕ್ಕಾಲು. ಇವರಿಗೆ ಸಾಕು ಎಂದು ದಿನಾ ಬೇಗ ವಾಲ್ ಬಂದ್ ಮಾಡಿ ಬೇರೆ ಊರಿಗೆ ತಿರುಗಿಸಿದರು. ಟ್ಯಾಂಕು ತುಂಬಲೇ ಇಲ್ಲ. ಅಕ್ಕನ ಹಗ್ಗದಲ್ಲಿ ಮೂರು ಗಂಟು ನೆನೆಯಿತು, ಆಮೇಲೆ ಎರಡು. ಮೇಲಿನ ಓಣಿಗಳವರು ಜಗಳಕ್ಕೆ ಬಂದರು. ಟ್ಯಾಂಕಿನಲ್ಲೇ ನೀರಿಲ್ಲ ಅಂದಳು ಅಕ್ಕ. ಅವರು ಆಫೀಸಿಗೆ ಫೋನು ಮಾಡಿದರು. ಮುಕ್ಕಾಲು ಟ್ಯಾಂಕು ಇದೆಯಲ್ಲ ಅಂದಿತು ಆಫೀಸು.

ಹಾಗಾದರೆ ನೀರು ಎಲ್ಲಿ ಹೋಯಿತು? ಟ್ಯಾಂಕಿನ ಬೆನ್ನಿಗೆ ಒಂದು ದಾಳಿಂಬೆ ತೋಟವಿದೆ. ಅಷ್ಟು ಸಾಕಾಯಿತು ಜನಕ್ಕೆ. ಅಕ್ಕ ಆ ತೋಟದವರಿಗೆ ವಾಲ್ ತಿರುಗಿಸುತ್ತಾಳೆ ಎಂದು ಒಬ್ಬರು ಅಂದರು, ನಾಲ್ವರು ಕಣ್ಣಾರೆ ಕಂಡೆವು ಅಂದರು. ಅವಳ ಸೊಸೆ ನಲ್ಲಿಗೆ ಹೋದರೆ ಕೊಡ ಎತ್ತಿ ಸಾಲಿನ ಹೊರಗಿಟ್ಟರು. ಹಾದಿಯಲ್ಲಿ ಹೋಗುವಾಗ ಹಿಂದಿನಿಂದ ಕಳ್ಳಿ ಅಂದರು. ಮನೆಯೊಳಗೆ ಮಲಗಿದ್ದ ಗಂಡನಿಗೂ ಅದು ಕೇಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಸಾಹೇಬರು, ಆ ಊರಿನ ಪಂಚಾಯಿತಿಯಲ್ಲಿ ಸಣ್ಣದೊಂದು ಮೀಟಿಂಗ್ ಇದೆ, ಬನ್ನಿ ಎಂದು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಒಳಗೆ ಹೋದರೆ ಏಳೆಂಟು ಜನ ಮೇಜಿನ ಸುತ್ತ ಕೂತಿದ್ದಾರೆ. ಅಕ್ಕ ಒಬ್ಬಳೇ ನಿಂತಿದ್ದಾಳೆ. ನೀರು ಕದ್ದ ಕಾರಣಕ್ಕೆ ಕೆಲಸದಿಂದ ತೆಗೆಯುತ್ತೇವೆ ಎಂಬ ಕಾಗದ ಆಗಲೇ ಟೈಪಾಗಿ ಮೇಜಿನ ಮೇಲಿದೆ. ಅವಳು ಸಹಿ ಹಾಕುವುದೊಂದೇ ಬಾಕಿ.

ಅಕ್ಕ ಹೆಗಲ ಮೇಲಿನ ಹಗ್ಗ ತೆಗೆದು ಆ ಕಾಗದದ ಮೇಲೇ ಇಟ್ಟಳು. ಇದನ್ನು ಕೇಳಿ ಅಂದಳು. ಸಾಹೇಬರು ನಕ್ಕು, ಮೊಬೈಲಿನಲ್ಲಿ ಹಸಿರು ಬಣ್ಣದ ಟ್ಯಾಂಕು ತೋರಿಸಿ, ಮಷಿನ್ ಸುಳ್ಳು ಹೇಳುತ್ತದೇನಮ್ಮ ಅಂದರು. ಅಂದವರು ನನ್ನ ಕಡೆ ಒಮ್ಮೆ ನೋಡಿದರು. ಅವರಿಗೆ ಗೊತ್ತಿತ್ತು. ಡಬ್ಬಿ ಅಲ್ಲೇ ಇದೆ ಎಂದು ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನನ್ನ ಟೂಲ್ ಚೀಲ ಮುಟ್ಟಿಕೊಂಡೆ. ಬಾಯಿ ಮಾತ್ರ ಬಿಡಲಿಲ್ಲ. ಚಹಾ ಬಂತು. ಥೂ, ಆ ಚಹಾವನ್ನೂ ಕುಡಿದೆ.

ಪೆನ್ನು ಕೈಗೆ ಕೊಟ್ಟಾಗ ಅಕ್ಕ ನನ್ನ ಕಡೆ ತಿರುಗಿದಳು.

"ತಮ್ಮಾ, ನೀನೇ ಹೇಳು. ಅದು ನಿನ್ನ ಮೀಟರು ಅಲ್ಲೇನು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನಾನು ನಿಜ ಹೇಳುತ್ತೇನೆ ಎಂದು ನಂಬಿ ಕೇಳಿದಳಲ್ಲ, ಅದಕ್ಕೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. ಸಾಹೇಬರ ಮೇಲೆ, ಆ ಏಳೆಂಟು ಜನರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಖಾಲಿ ಕಪ್ಪು ಹಿಡಿದು ಕೂತಿದ್ದ ನನ್ನ ಮೇಲೆ. ಸಾಹೇಬರ ಕೈಯಿಂದ ಮೊಬೈಲು ಕಸಿದುಕೊಂಡೆ. ಅದರಲ್ಲಿ ಟ್ಯಾಂಕಿನ ಹಿಂದಿನ ದಿನಗಳ ಗೆರೆ ನೋಡಬಹುದು. ನೀರು ತುಂಬಿದರೆ ಗೆರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಯಾವ ಊರಿನದನ್ನೇ ತೆಗೆದರೂ ಏರಿಳಿತ ಇದ್ದೇ ಇರುತ್ತದೆ. ಈ ಊರಿನದನ್ನು ತೆಗೆದು ಮೇಜಿನ ನಡುವೆ ಇಟ್ಟೆ. ಈ ತುದಿಯಿಂದ ಆ ತುದಿಗೆ ದಾರ ಹಿಡಿದು ಎಳೆದಂತಿತ್ತು.

"ನಾಕು ತಿಂಗಳಾತು, ಊರೆಲ್ಲ ನೀರು ಕುಡದೈತಿ. ಈ ಗೆರಿ ಒಂದು ಕೂದಲೆಳಿಯಷ್ಟು ಇಳದಿಲ್ಲ, ನೋಡ್ರಿ. ನೀರು ಬಿಟ್ರ ಟ್ಯಾಂಕು ಇಳೀಬೇಕಲ್ರಿ. ಇಷ್ಟು ಮಂದ್ಯಾಗ ಒಬ್ಬರೂ ನೋಡ್ಲಿಲ್ಲೇನು? ಸುಳ್ಳು ಹೇಳಿದ್ದು ಆಕಿ ಅಲ್ಲ, ನಾನು. ಹೇಳಿಸಿದವರು ಇಲ್ಲೇ ಕುಂತಾರ."

ಎಲ್ಲರನ್ನೂ ವಾಲ್‌ರೂಮಿಗೆ ಕರೆದುಕೊಂಡು ಹೋದೆ. ಪ್ಯಾನೆಲ್ ಬಾಗಿಲು ತೆರೆದು ಡಬ್ಬಿ ತೋರಿಸಿ ತಂತಿ ಕಿತ್ತೆ. ಮೊಬೈಲಿನ ಹಸಿರು ಕೆಂಪಾಯಿತು. ಪ್ಯಾನೆಲ್ಲಿನ ಪಕ್ಕದ ಗೋಡೆಯ ತುಂಬ ಇದ್ದಿಲಿನ ಗೆರೆಗಳಿದ್ದವು. ಮೂರು, ಮೂರು, ಎರಡು, ಮೂರು, ಎರಡು. ನಾಲ್ಕು ತಿಂಗಳ ನಿಜ ಅಲ್ಲೇ ಇತ್ತು, ಓದುವವರಿಲ್ಲದೆ. ಪಂಚಾಯಿತಿ ಅಧ್ಯಕ್ಷರು ಕೈಯಲ್ಲಿ ಹಿಡಿದು ತಂದಿದ್ದ ಆ ಕಾಗದ ಹರಿದರು. ಸಾಹೇಬರು ಡೈರಿ ತೆಗೆದು, ಉಪಕರಣದ ದೋಷ ಸರಿಪಡಿಸಲಾಗಿದೆ ಎಂದು ಒಂದು ಸಾಲು ಬರೆದುಕೊಂಡು, ನನ್ನ ಮುಖ ನೋಡದೆ ಜೀಪು ಹತ್ತಿ ಹೋದರು. ನಾನು ಹೊಳೆದಂಡೆಗೆ ಫೋನು ಮಾಡಿ, ಈ ಊರಿಗೆ ಇವತ್ತು ಪೂರಾ ಹೊತ್ತು ನೀರು ಬಿಡಿ ಅಂದೆ.

ದೊಡ್ಡ ಕೆಲಸ ಮಾಡಿದೆ ಎಂಬ ಹಮ್ಮು ಬಂದಿತ್ತು ನನಗೆ. ಅಕ್ಕಾ, ಎಲ್ಲ ಬಗೆಹರಿಯಿತಲ್ಲ, ನಾಳೆ ಆರು ಗಂಟು ನೆನೆಯುತ್ತದೆ ಅಂದೆ. ಅವಳು ಹಗ್ಗ ಸುತ್ತುತ್ತಿದ್ದಳು.

"ಕಳ್ಳಿ ಅಂದದ್ದು ಓಣ್ಯಾಗ. ಅಲ್ಲ ಅಂದದ್ದು ನಾಕು ಗ್ವಾಡಿ ಒಳಗ. ನಾಳಿ ನೀರು ಬರತೈತಿ. ಕಳ್ಳಿ ಸಿಕ್ಕಿಬಿದ್ಲು, ಅದಕ್ಕ ನೀರು ಬಂತು ಅಂತಾರ. ನೀ ಓಣಿಗಿ ಬಾ."

ಮೊದಲು ನನಗೆ ಅವಳ ಮೇಲೇ ಸಿಟ್ಟು ಬಂತು. ನೌಕರಿ ಹೋದರೆ ಹೋಗಲಿ ಎಂದು ಬಾಯಿ ಬಿಟ್ಟಿದ್ದೇನೆ, ಇವಳಿಗೆ ಇನ್ನೇನು ಬೇಕು ಅಂದುಕೊಂಡೆ. ಬರುತ್ತೇನೆ ಎಂದೂ ಹೇಳದೆ ಕೊಟ್ಟೂರಿನ ಮನೆಗೆ ಬಂದೆ. ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಾರು ಬಡಿಸುತ್ತಾ, ಉಪ್ಪು ತಿಂದವರು ನೀರು ಕುಡೀಬೇಕು, ಹೋಗಿ ಬಾ ಅಂದಳು.

ಬೆಳಿಗ್ಗೆ ಹೋದಾಗ ಅಕ್ಕ ವಾಲ್ ತೆರೆದಾಗಿತ್ತು. ಆರು ಗಂಟು ನೆನೆದ ಹಗ್ಗ ಹೆಗಲ ಮೇಲಿತ್ತು. ಬಂದೆಯಾ ಎಂದೂ ಕೇಳದೆ ಮೇಲಿನ ಓಣಿಯ ಕಡೆ ನಡೆದಳು, ನಾನು ಹಿಂದೆ. ಮೊದಲನೆಯ ಓಣಿಯ ನಲ್ಲಿಯಲ್ಲಿ ನೀರು ಭರ್ರೆಂದು ಬೀಳುತ್ತಿತ್ತು. ಹದಿನೈದಿಪ್ಪತ್ತು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಸಾಲಿನ ಮುಂದಿದ್ದ ಮುದುಕಿ ಅಕ್ಕನನ್ನು ನೋಡಿದ್ದೇ ತಡ, ನಿನ್ನೆ ಪಂಚಾಯಿತಿಯಲ್ಲಿ ಹಿಡಿದು ಬಾರಿಸಿದರು, ಇವತ್ತು ಹೇಗೆ ನೀರು ಬಂತು ನೋಡಿ ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಅಕ್ಕ ಹೇಳಿದ ಮಾತು ಒಂದಕ್ಷರ ತಪ್ಪಿರಲಿಲ್ಲ.

ನಾನು ನಲ್ಲಿಯ ಕಟ್ಟೆ ಹತ್ತಿದೆ. ನಾನು ಯಾರು, ಡಬ್ಬಿ ಏನು, ಯಾಕೆ ಇಟ್ಟೆ, ಅದರಿಂದ ನಿಮ್ಮ ನೀರು ಹೇಗೆ ಬೇರೆ ಊರಿಗೆ ಹೋಯಿತು, ಒಂದೂ ಬಿಡದೆ ಹೇಳಿದೆ. ಆಕೆ ಒಂದು ಹನಿ ಕದ್ದಿಲ್ಲ, ನಿಮ್ಮ ನೀರು ಕಳೆದವನು ನಾನು ಅಂದೆ. ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಮುದುಕಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನಾಕು ತಿಂಗಳು ಆಕಿನ್ನ ಬೈದೀವಲ್ಲೋ. ಆ ಬೈಗಳ ಈಗ ಯಾರಿಗೆ ಹಚ್ಚೂಣು?"

"ನನಗ ಹಚ್ಚಬೇ ಯವ್ವಾ" ಅಂದೆ.

ಹಚ್ಚಿದಳು. ನನ್ನಪ್ಪನಿಂದ ಶುರುಮಾಡಿ, ಕಲಿತ ಸಾಲಿ, ತಿಂದ ಅನ್ನ, ಹುಟ್ಟಿದ ಗಳಿಗೆ, ಯಾವುದನ್ನೂ ಬಿಡಲಿಲ್ಲ. ಉಳಿದವರೂ ಸೇರಿದರು. ನಾನು ತಲೆ ಬಗ್ಗಿಸಿ ನಿಂತಿದ್ದೆ. ಅಕ್ಕ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಸಾಕು ಬಿಡ್ರವ್ವ ಅನ್ನಲಿಲ್ಲ. ಅವರ ದನಿ ಇಳಿದ ಮೇಲೆ ವಾಲ್ ತಿರುಗಿಸುವ ಕಬ್ಬಿಣದ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ನನ್ನ ಕಡೆ ನೋಡಿದಳು.

"ನಡಿ ತಮ್ಮಾ. ಇನ್ನೂ ಮೂರು ಓಣಿ ಅದಾವ."