ಸೀಸೆ ನೋಡಿಯೇ ಹನಿ ಹಾಕುವ ಸವ್ರಿನಿಸೊ

ಬೆಳಗಿನ ಐದು ಗಂಟೆ. ಗಡಿಯ ಪ್ಯಾಂಜ್ ನದಿಯಾಚೆಯ ಅಫ್ಘಾನ್ ಗುಡ್ಡಗಳು ಇನ್ನೂ ಕಪ್ಪಗಿವೆ. ಊರಿನ ನರ್ಸ್ ಸವ್ರಿನಿಸೊ ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಹತ್ತಿ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾರೆ. ಬಿಸಿಲೇರುವ ಮೊದಲು ನಲವತ್ತು ಮನೆಗಳ ಮಕ್ಕಳಿಗೆ ಪೋಲಿಯೊ ಹನಿ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಹನಿಯೂ ಪೆಟ್ಟಿಗೆಯೂ ಸಮುದ್ರದಾಚೆಯ ಒಂದು ದತ್ತಿ ಸಂಸ್ಥೆ ಕೊಟ್ಟಿದ್ದು. ಊರಿನ ಗುಮಾನಿಯೆಲ್ಲ ಅದರ ಮೇಲೆಯೇ. "ನಲ್ಲಿ ನೀರು ಕೇಳಿದ್ರೆ ಯಾರೂ ಕೊಡಲ್ಲ. ಕೇಳದೇ ಇರೋ ಹನೀನ ಮನೆ ಬಾಗಿಲಿಗೇ ತರ್ತಾರೆ. ಏನಮ್ಮಾ ಇದರ ಒಳಗುಟ್ಟು?" ಎನ್ನುತ್ತಾರೆ ಕುರಿಗಾಹಿ ಖೋಲ್ಮುರೋದ್. ಮೊಮ್ಮಗಳು ನಿಗೋರಾಳಿಗೆ ಅವರು ಎರಡು ವರ್ಷ ಹನಿ ಹಾಕಿಸಿರಲಿಲ್ಲ.

ಇವರ ಬಗ್ಗೆ ಬರೆಯಲು ಬಂದ ನನ್ನದೂ ಅದೇ ಪ್ರಶ್ನೆ. ಸವ್ರಿನಿಸೊ ನುಣುಚಿಕೊಳ್ಳುವುದಿಲ್ಲ. "ಅವ್ರ ಹೊಟ್ಟೇಲಿ ಏನಿದ್ಯೋ ನಂಗೇನು ಗೊತ್ತು? ಪೋಲಿಯೊ ಗೊತ್ತು. ನನ್ ತಂಗಿ ಕೈಯೂರ್ಕೊಂಡು ಅಂಗಳ ದಾಟ್ತಿದ್ಲು."

ಕಳೆದ ಜುಲೈನಲ್ಲಿ ಸಂಸ್ಥೆಯ ಅತಿಥಿಗಳು ಬಂದರು. ತಮ್ಮ ಜೊತೆಗೇ ತರಬೇಕೆಂದು ಹನಿಯನ್ನು ಮೂರು ದಿನ ಪೇಟೆಯಲ್ಲಿ ತಡೆದಿದ್ದರು, ಮಂಜುಗಡ್ಡೆ ಬದಲಿಸಿದವರಿಲ್ಲ. ಊರೆಲ್ಲ ಸೇರಿತ್ತು, ಕ್ಯಾಮೆರಾ ಸಿದ್ಧವಿತ್ತು. ಸವ್ರಿನಿಸೊ ಸೀಸೆ ಎತ್ತಿ ನೋಡಿದರು. ಚೀಟಿಯ ಮೇಲಿನ ಬಿಳಿ ಚೌಕ ಕಪ್ಪಾಗಿತ್ತು. ಶಾಖಕ್ಕೆ ಔಷಧಿ ಕೆಟ್ಟಿದೆ ಎಂಬ ಗುರುತು ಅದು.

"ಫೋಟೊಗೆ ಒಂದೇ ಹನಿ ಹಾಕಿಬಿಡಿ ಅಕ್ಕ," ಎಂದರು ಸಂಸ್ಥೆಯ ಅಧಿಕಾರಿ.

"ಕೆಟ್ಟಿದ್ದನ್ನ ಹಾಕಲ್ಲ."

"ಕೆಲಸ ಬೇಕೋ ಬೇಡ್ವೋ?"

"ಬೇಕು. ಅದಕ್ಕೇ ಹಾಕಲ್ಲ."

ಇಪ್ಪತ್ತೆರಡು ಸೀಸೆಗಳನ್ನೂ ಎಲ್ಲರೆದುರೇ ತೆಗೆದು ಬದಿಗಿಟ್ಟರು. ಮರುದಿನವೇ ಕೆಲಸಕ್ಕೆ ಬರಬೇಡವೆಂದು ಸಂಸ್ಥೆಯವರು ಹೇಳಿಕಳಿಸಿದರು. ಆದರೆ ಬದಲಿಗೆ ಬಂದ ನರ್ಸ್‌ಗೆ ಒಂದು ಮನೆಯೂ ಬಾಗಿಲು ತೆರೆಯಲಿಲ್ಲ. ಎರಡು ತಿಂಗಳಿಗೆ ಇವರನ್ನೇ ಮತ್ತೆ ಕರೆಯಬೇಕಾಯಿತು.

ಮರಳಿದ ದಿನ ಖೋಲ್ಮುರೋದ್ ಬಾಗಿಲಲ್ಲೇ ನಿಂತಿದ್ದರು. "ಆ ಸಂಸ್ಥೇನ ನಾನು ಈಗ್ಲೂ ನಂಬಲ್ಲ ಕಣಮ್ಮಾ. ನೀನೂ ಕಣ್ಮುಚ್ಚಿ ನಂಬಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ಎಲ್ಲಿ, ತೋರ್ಸು ಸೀಸೆ." ಬೆಳಕಿಗೆ ಹಿಡಿದು ಚೌಕ ನೋಡಿದರು, ತಿರುಗಿಸಿ ಮತ್ತೊಮ್ಮೆ ನೋಡಿದರು. ಆಮೇಲೆ ನಿಗೋರಾಳನ್ನು ಮುಂದೆ ತಂದರು.

ನಿಮಗೇನು ಆಸೆ ಎಂದು ಕೇಳಿದರೆ ಸವ್ರಿನಿಸೊ ನಾಚುತ್ತಾರೆ. "ಆ ಗುರುತು ನೋಡೋದನ್ನ ಊರಿನ ಒಬ್ಬೊಬ್ಬ ತಾಯಿಗೂ ಕಲಿಸ್ಬೇಕು. ಆಮೇಲೆ ನನ್ನನ್ನೂ ಯಾರೂ ನಂಬಬೇಕಾಗಿಲ್ಲ."